ತಾಮ್ರದ ತಗಡಿನ ಮೇಲೆ ಪದ್ಯ ಬರೆದ ವಿಲಿಯಂ ಬ್ಲೇಕ್



ಈ ಸಲ ಮಹನೀಯರ ಪರಿಚಯದಲ್ಲಿ ದೂರದ ಇಂಗ್ಲೆಂಡಿನ ಒಬ್ಬ ಕವಿಯ ಕಥೆ. ಕವಿ ಅಂದ್ರೆ ಬರೀ ಕವಿ ಅಲ್ಲ. ಚಿತ್ರಕಾರರೂ ಹೌದು, ತಾಮ್ರದ ತಗಡು ಕೊರೆದು ಹೊಟ್ಟೆ ಹೊರೆದುಕೊಂಡ ಕೆಲಸಗಾರರೂ ಹೌದು. ಅವರ ಹೆಸರು ವಿಲಿಯಂ ಬ್ಲೇಕ್.

ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಕೂಡ್ಲಿಯಲ್ಲಿ ಸೇರುತ್ತವೆ. ಸೇರಿದ ಮೇಲೆ ಇದು ತುಂಗೆಯ ನೀರು, ಇದು ಭದ್ರೆಯ ನೀರು ಅಂತ ಬಿಂದಿಗೆಯಲ್ಲಿ ಬೇರೆ ಮಾಡೋಕೆ ಆಗಲ್ಲ. ಬ್ಲೇಕರ ಪುಟಗಳಲ್ಲಿ ಪದ್ಯವೂ ಚಿತ್ರವೂ ಹಾಗೆಯೇ ಸೇರಿವೆ. ಅಂಥ ಒಂದು ಪುಟ ಮಾಡುವುದಕ್ಕಾಗಿ ಅವರು ಜೀವಮಾನವಿಡೀ ದುಡಿದರು. ಬದುಕಿದ್ದಾಗ ಅದನ್ನು ನೋಡಿದವರು ಮಾತ್ರ ಬಹಳ ಕಡಿಮೆ.

ಬಾಲ್ಯ

ವಿಲಿಯಂ ಬ್ಲೇಕ್ ಹುಟ್ಟಿದ್ದು 1757ರ ನವೆಂಬರ್ 28ರಂದು, ಲಂಡನ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ. ಆ ಕಾಲ ಯಾವುದು ಅಂತ ತಿಳಿಯಬೇಕಾದರೆ ನಮ್ಮ ಇತಿಹಾಸ ಪಾಠ ನೆನಪಿಸಿಕೊಳ್ಳಿ. ಹೈದರಾಲಿ ಬಿದನೂರನ್ನು ಗೆದ್ದು ಕೆಳದಿ ಅರಸರ ಆಳ್ವಿಕೆ ಮುಗಿಸಿದ್ದು 1763ರಲ್ಲಿ. ಆಗ ಲಂಡನ್ನಿನ ಈ ಹುಡುಗನಿಗೆ ಐದು ವರ್ಷ.

ತಂದೆ ಜೇಮ್ಸ್ ಬ್ಲೇಕ್ ಕಾಲುಚೀಲ ಮಾರುವ ಅಂಗಡಿ ಇಟ್ಟಿದ್ದರು. ಶ್ರೀಮಂತರಲ್ಲ, ತೀರಾ ಬಡವರೂ ಅಲ್ಲ. ಹುಡುಗ ಶಾಲೆಗೆ ಹೋಗಲಿಲ್ಲ, ಮನೆಯಲ್ಲೇ ಓದು ಬರಹ ಕಲಿತ. ಅವನಿಗೆ ಬೇರೆಯವರಿಗೆ ಕಾಣದ್ದು ಕಾಣುತ್ತಿತ್ತಂತೆ. ಒಂದು ಸಲ ಊರಾಚೆ ಬಯಲಿನಲ್ಲಿ ಮರವೊಂದರ ಕೊಂಬೆ ಕೊಂಬೆಯಲ್ಲೂ ದೇವದೂತರು ಕೂತಿದ್ದನ್ನು ಕಂಡೆ ಅಂತ ಮನೆಗೆ ಬಂದು ಹೇಳಿದ. ಸುಳ್ಳು ಹೇಳ್ತಾನೆ ಅಂತ ತಂದೆ ಹೊಡೆಯೋಕೆ ಹೋದಾಗ ತಾಯಿ ಅಡ್ಡ ಬಂದು ಬಿಡಿಸಿದರು ಎಂದು ಅವರ ಜೀವನಚರಿತ್ರೆಯಲ್ಲಿ ಬರುತ್ತದೆ.

ಆದರೆ ಆ ತಂದೆಯೇ ಮಗನ ಚಿತ್ರ ಬಿಡಿಸುವ ಆಸೆಗೆ ನೀರೆರೆದರು. ಹತ್ತನೇ ವಯಸ್ಸಿನಲ್ಲಿ ಚಿತ್ರಕಲಾ ಶಾಲೆಗೆ ಸೇರಿಸಿದರು. ನೋಡಿ ಬರೆಯಲು ದೊಡ್ಡ ಕಲಾವಿದರ ಚಿತ್ರಗಳ ಅಚ್ಚುಗಳನ್ನು ಕೊಂಡು ಕೊಟ್ಟರು.

ಏಳು ವರ್ಷದ ಕಲಿಕೆ

ಚಿತ್ರಕಾರರಾಗೋಕೆ ಬಹಳ ಹಣ ಬೇಕಾಗಿತ್ತು. ಅದಕ್ಕೆ ತಾಮ್ರದ ಮೇಲೆ ಚಿತ್ರ ಕೊರೆಯುವ ಕಸುಬು ಕಲಿಸುವುದು ಎಂದಾಯಿತು. ಆಗ ಫೋಟೋ ಇರಲಿಲ್ಲ. ಪುಸ್ತಕದಲ್ಲಿ ಒಂದು ಚಿತ್ರ ಬರಬೇಕಾದರೆ ಯಾರಾದರೂ ಅದನ್ನು ತಗಡಿನ ಮೇಲೆ ಗೆರೆ ಗೆರೆಯಾಗಿ ಕೊರೆಯಬೇಕಿತ್ತು. ಕೆಲಸಕ್ಕೆ ಬರವಿರಲಿಲ್ಲ.

ಮೊದಲು ತಂದೆ ಮಗನನ್ನು ರೈಲ್ಯಾಂಡ್ ಎಂಬ ಹೆಸರಾಂತ ಕಸುಬುದಾರರ ಹತ್ತಿರ ಕರೆದುಕೊಂಡು ಹೋದರಂತೆ. ಅವರ ಮುಖ ನೋಡಿದರೆ ಮುಂದೆ ನೇಣಿಗೇರುವವರ ಹಾಗೆ ಕಾಣುತ್ತೆ, ಇಲ್ಲಿ ಬೇಡ ಅಂತ ಹುಡುಗ ಹಟ ಹಿಡಿದನೆಂದು ಕಥೆ. ಕಥೆ ನಿಜವೋ ಅಲ್ಲವೋ, ಖೋಟಾ ದಾಖಲೆ ಮಾಡಿದ ತಪ್ಪಿಗೆ ರೈಲ್ಯಾಂಡರನ್ನು 1783ರಲ್ಲಿ ಗಲ್ಲಿಗೇರಿಸಿದ್ದು ಮಾತ್ರ ನಿಜ!

ಕೊನೆಗೆ 1772ರಲ್ಲಿ ಜೇಮ್ಸ್ ಬಸೈರ್ ಎಂಬುವರ ಹತ್ತಿರ ಏಳು ವರ್ಷದ ಒಪ್ಪಂದ ಮಾಡಿಸಿ ಸೇರಿಸಿದರು. ಬಸೈರ್ ಹಳೇ ಪದ್ಧತಿಯ ಗುರು. ಅಚ್ಚುಕಟ್ಟಾದ ಗೆರೆ, ಅವಸರವಿಲ್ಲದ ಕೆಲಸ. ಅವರು ಶಿಷ್ಯನನ್ನು ವೆಸ್ಟ್‌ಮಿನ್‌ಸ್ಟರ್ ಅಬೆ ಎಂಬ ಪುರಾತನ ಚರ್ಚಿಗೆ ಕಳಿಸಿ, ಅಲ್ಲಿನ ರಾಜ ರಾಣಿಯರ ಸಮಾಧಿಗಳ ಚಿತ್ರ ಬರೆಸಿದರು. ನಮ್ಮ ಜಿಲ್ಲೆಯ ಊರೂರಲ್ಲಿ ವೀರಗಲ್ಲು ಇವೆಯಲ್ಲ, ಎಷ್ಟೋ ವೀರಗಲ್ಲುಗಳಲ್ಲಿ ಮೇಲೊಂದು ಸಾಲು ಚಿತ್ರ, ಕೆಳಗೊಂದು ಪಟ್ಟಿ ಅಕ್ಷರ, ಮತ್ತೆ ಚಿತ್ರ, ಹೀಗೆ ಇರುತ್ತೆ. ಅದೇ ಕಲ್ಲಿನಲ್ಲಿ ಎರಡೂ. ಹಳೇ ಕಲ್ಲಿನ ಕೆಲಸ ನೋಡಿ ನೋಡಿ ಬ್ಲೇಕರ ಕೈಗೂ ಗಟ್ಟಿಯಾದ ಗೆರೆ ಬಂತು. ಅದು ಸಾಯುವ ತನಕ ಅವರನ್ನು ಬಿಡಲಿಲ್ಲ.

ಕ್ಯಾಥರೀನ್

1782ರಲ್ಲಿ ಬ್ಲೇಕರು ಕ್ಯಾಥರೀನ್ ಬೌಚರ್ ಎಂಬುವರನ್ನು ಮದುವೆಯಾದರು. ಆಕೆ ತರಕಾರಿ ಬೆಳೆದು ಮಾರುವವರ ಮಗಳು. ಮದುವೆಯ ರಿಜಿಸ್ಟರಿನಲ್ಲಿ ಆಕೆ ಹಾಕಿದ್ದು ಒಂದು ಅಡ್ಡಗೆರೆಯ ಗುರುತು, ನಮ್ಮಲ್ಲಿ ಹೆಬ್ಬೆಟ್ಟು ಒತ್ತುತ್ತಾರಲ್ಲ ಹಾಗೆ. ಬ್ಲೇಕರು ಹೆಂಡತಿಗೆ ಓದು ಬರಹ ಕಲಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ತಗಡಿಗೆ ಶಾಯಿ ಹಚ್ಚುವುದು, ಅಚ್ಚು ಒತ್ತುವುದು, ಬಣ್ಣ ತುಂಬುವುದು ಎಲ್ಲವನ್ನೂ ಆಕೆ ಕಲಿತರು. ಇವತ್ತು ಲಕ್ಷಗಟ್ಟಲೆ ಬೆಲೆ ಬಾಳುವ ಪುಟಗಳಲ್ಲಿ ಆಕೆಯ ಕೈಯ ಕೆಲಸವೂ ಸೇರಿದೆ. ಪುಸ್ತಕದ ಮೇಲೆ ಆಕೆಯ ಹೆಸರಿಲ್ಲ. ಇದನ್ನು ನಾವು ಮರೆಯಬಾರದು.

ಹೊಸ ವಿದ್ಯೆ

ಬ್ಲೇಕರ ಪ್ರೀತಿಯ ತಮ್ಮ ರಾಬರ್ಟ್ 1787ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅಣ್ಣನೇ ಪಕ್ಕದಲ್ಲಿ ಕೂತು ಆರೈಕೆ ಮಾಡಿದ್ದರು. ಆ ತಮ್ಮನೇ ಆಮೇಲೆ ತನಗೆ ಕಾಣಿಸಿಕೊಂಡು ಹೊಸ ರೀತಿಯ ಅಚ್ಚಿನ ಗುಟ್ಟು ಹೇಳಿಕೊಟ್ಟ ಎಂದು ಬ್ಲೇಕರು ನಂಬಿದ್ದರು. ಆ ಗುಟ್ಟು ಏನು ಅಂತ ಈಗ ನೋಡೋಣ.

ಮಾಮೂಲಿ ಎಚ್ಚಿಂಗ್ ಹೀಗೆ: ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಚಿತ್ರ ಗೀಚುತ್ತಾರೆ. ಗೀಚಿದ ಕಡೆ ಲೇಪ ಹೋಗಿ ತಾಮ್ರ ಕಾಣುತ್ತೆ. ಆಮೇಲೆ ನೈಟ್ರಿಕ್ ಆಸಿಡ್ ಹಾಕಿದರೆ ಅದು ಆ ಗೆರೆಗಳನ್ನು ಮಾತ್ರ ತಿನ್ನುತ್ತೆ. ನೇಗಿಲ ಸಾಲಿನಲ್ಲಿ ನೀರು ನಿಂತ ಹಾಗೆ ಆ ಗೆರೆಯೊಳಗೆ ಶಾಯಿ ನಿಲ್ಲುತ್ತೆ. ಮೇಲೆ ಒದ್ದೆ ಕಾಗದ ಇಟ್ಟು ಜೋರಾಗಿ ಒತ್ತಿದರೆ ಚಿತ್ರ ಮೂಡುತ್ತೆ.

ಬ್ಲೇಕರು ಇದನ್ನು ತಿರುಗಾಮುರುಗಾ ಮಾಡಿದರು. ಆಸಿಡ್ ತಿನ್ನಲಾಗದ ವಾರ್ನಿಷ್‌ನಂಥ ದ್ರವದಲ್ಲಿ ಕುಂಚ ಅದ್ದಿ, ಬರೀ ತಾಮ್ರದ ಮೇಲೆ ನೇರವಾಗಿ ಪದ್ಯ ಬರೆದರು, ಸುತ್ತ ಬಳ್ಳಿ, ಹಕ್ಕಿ, ಮಕ್ಕಳ ಚಿತ್ರ ಬಿಡಿಸಿದರು. ಆಮೇಲೆ ಆಸಿಡ್ ಹಾಕಿದರು. ಬರೆದದ್ದು ಉಳಿಯಿತು, ಸುತ್ತಲಿನ ಖಾಲಿ ಜಾಗ ಕರಗಿ ತಗ್ಗಾಯಿತು. ಉಬ್ಬಿ ನಿಂತ ಅಕ್ಷರಕ್ಕೆ ಶಾಯಿ ಹಚ್ಚಿ ಒತ್ತಿದರೆ ಪುಟ ಸಿದ್ಧ. ಆಫೀಸಿನ ರಬ್ಬರ್ ಸ್ಟಾಂಪ್ ನೋಡಿದ್ದೀರಲ್ಲ, ಅದೇ ತತ್ವ. ರಬ್ಬರ್ ಸ್ಟಾಂಪಿನಲ್ಲಿ ಅಕ್ಷರ ಉಲ್ಟಾ ಇರುತ್ತೆ, ಅಲ್ವಾ? ಹಾಗೇ ಬ್ಲೇಕರು ಪ್ರತಿ ಪದ್ಯವನ್ನೂ ಕನ್ನಡಿಯಲ್ಲಿ ಕಾಣುವ ಹಾಗೆ ಬಲದಿಂದ ಎಡಕ್ಕೆ ಉಲ್ಟಾ ಬರೆಯಬೇಕಿತ್ತು. ನಿಮ್ಮ ಹೆಸರನ್ನೇ ಹಾಗೆ ಒಂದು ಸಲ ಬರೆದು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ. ನೂರಾರು ತಗಡುಗಳನ್ನು ಅವರು ಹೀಗೆ ಬರೆದರು.

ಇಷ್ಟು ಒದ್ದಾಟ ಯಾಕೆ? ಆಗಿನ ಪುಸ್ತಕದಲ್ಲಿ ಅಕ್ಷರವನ್ನು ಒಬ್ಬರು ಅಚ್ಚುಮೊಳೆ ಜೋಡಿಸಿ ಒಂದು ಯಂತ್ರದಲ್ಲಿ ಒತ್ತುತ್ತಿದ್ದರು, ಚಿತ್ರವನ್ನು ಇನ್ನೊಬ್ಬರು ಬೇರೆ ಯಂತ್ರದಲ್ಲಿ ಒತ್ತುತ್ತಿದ್ದರು. ನಡುವೆ ಪ್ರಕಾಶಕರು. ಅವರು ಬೇಡ ಅಂದರೆ ಪುಸ್ತಕವೇ ಇಲ್ಲ. ಹೊಸ ವಿದ್ಯೆಯಿಂದ ಪದ್ಯ ಕಟ್ಟುವುದು, ಬರೆಯುವುದು, ಚಿತ್ರ, ಅಚ್ಚು, ಬಣ್ಣ, ಮಾರಾಟ ಎಲ್ಲ ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರ ಕೈಯಲ್ಲೇ ಆಯಿತು. ಕಾಗದವನ್ನು ಮಾತ್ರ ಕೊಳ್ಳಬೇಕಿತ್ತು. ಭದ್ರಾವತಿಯ ಎಂಪಿಎಂ ನಡೆಯುತ್ತಿದ್ದಾಗ ಅಲ್ಲಿ ಬಿದಿರು, ಮರ, ಕಬ್ಬಿನ ಸಿಪ್ಪೆಯಿಂದ ಯಂತ್ರದಲ್ಲಿ ಕಾಗದ ತಯಾರಾಗುತ್ತಿತ್ತು. ಬ್ಲೇಕರ ಕಾಲದಲ್ಲಿ ಹಳೇ ಬಟ್ಟೆಯ ಚಿಂದಿಯನ್ನು ನೆನೆಸಿ, ಕುಟ್ಟಿ, ಒಂದೊಂದೇ ಹಾಳೆ ಕೈಯಲ್ಲಿ ಎತ್ತುತ್ತಿದ್ದರು. ಅದಕ್ಕೇ ದುಬಾರಿ.

ಹಾಡುಗಳ ಪುಸ್ತಕ

1789ರಲ್ಲಿ ಮುಗ್ಧತೆಯ ಹಾಡುಗಳು ಎಂಬ ಪುಸ್ತಕ ಹೀಗೆ ಹೊರಬಂತು. ಪುಟಗಳು ಅಂಗೈಯಷ್ಟೇ ಅಗಲ, ಸುಮಾರು 11 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ. 1794ರಲ್ಲಿ ಅನುಭವದ ಹಾಡುಗಳೂ ಸೇರಿ 54 ತಗಡುಗಳ ಪುಸ್ತಕವಾಯಿತು. 1793ರಲ್ಲಿ ಬ್ಲೇಕರು ಹೊರಡಿಸಿದ ಬೆಲೆಪಟ್ಟಿಯಲ್ಲಿ ಒಂದೊಂದು ಭಾಗಕ್ಕೆ ಐದು ಶಿಲ್ಲಿಂಗ್ ಇತ್ತು. ಆದರೂ ಕೊಂಡವರು ಬೆರಳೆಣಿಕೆಯವರು. ಒಂದು ಪ್ರತಿಯಂತೆ ಇನ್ನೊಂದು ಇಲ್ಲ. ಯಾಕಂದ್ರೆ ಬಣ್ಣ ಪ್ರತಿ ಸಲ ಕೈಯಲ್ಲಿ ಹಾಕಿದ್ದು.

ಇದರಲ್ಲಿ ಚಿಮಣಿ ಗುಡಿಸುವ ಹುಡುಗರ ಬಗ್ಗೆ ಪದ್ಯಗಳಿವೆ. ಆಗ ಲಂಡನ್ನಿನಲ್ಲಿ ಬಡವರ ಪುಟ್ಟ ಮಕ್ಕಳನ್ನು ಹೊಗೆಗೂಡಿನ ಒಳಗೆ ಹತ್ತಿಸಿ ಮಸಿ ಕೆರೆಸುತ್ತಿದ್ದರು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕೆಲಸಕ್ಕೆ ಹಚ್ಚಬಾರದು ಅಂತ 1788ರಲ್ಲಿ ಕಾನೂನು ಬಂತು, ಪಾಲಿಸಿದವರು ಕಡಿಮೆ. ಮಕ್ಕಳ ಪುಸ್ತಕದ ಹಾಗೆ ಕಾಣುವ ಬಣ್ಣದ ಪುಟದಲ್ಲಿ ಬ್ಲೇಕರು ಈ ಅನ್ಯಾಯವನ್ನು ಬರೆದಿಟ್ಟರು.

ಹುಲಿಯ ಪದ್ಯವೂ ಇದರಲ್ಲೇ ಇದೆ. ಪದ್ಯದಲ್ಲಿ ಹುಲಿ ಬೆಂಕಿಯ ಹಾಗೆ ಭಯಂಕರ. ಅದನ್ನು ಸೃಷ್ಟಿಸಿದವನು ಎಂಥವನಿರಬೇಕು ಅಂತ ಕವಿ ಬೆರಗಾಗಿ ಕೇಳುತ್ತಾರೆ. ಕುಲುಮೆ, ಸುತ್ತಿಗೆ, ಸರಪಳಿ ಎಲ್ಲ ಬರುತ್ತೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ಕೇಳಿ ಬೆಳೆದ ನಮಗೆ ಕುಲುಮೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಪುಟದ ಕೆಳಗೆ ಬರೆದ ಹುಲಿಯನ್ನು ನೋಡಿದರೆ ನಗು ಬರುತ್ತೆ. ಎಷ್ಟೋ ಪ್ರತಿಗಳಲ್ಲಿ ಅದು ಸಾಧು ಬೆಕ್ಕಿನ ಹಾಗೆ ನಿಂತಿದೆ! ತ್ಯಾವರೆಕೊಪ್ಪದಲ್ಲಿ ಹುಲಿ ನೋಡಿದವರು ಯಾರೂ ಇದನ್ನು ಒಪ್ಪಲಿಕ್ಕಿಲ್ಲ. ಬ್ಲೇಕರಿಗೆ ಹುಲಿ ಬರೆಯಲು ಬರುತ್ತಿರಲಿಲ್ಲವೋ, ಇಲ್ಲ ಭಯ ಇರುವುದು ನೋಡುವವರ ಮನಸ್ಸಿನಲ್ಲಿ ಅಂತ ಬೇಕೆಂದೇ ಹಾಗೆ ಬರೆದರೋ ಎಂದು ಪಂಡಿತರು ಇವತ್ತಿಗೂ ವಾದ ಮಾಡುತ್ತಾರೆ. ನನಗಂತೂ ಎರಡನೆಯದೇ ಸರಿ ಅನ್ನಿಸುತ್ತೆ. ಪದ್ಯ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಚಿತ್ರ ಯಾಕೆ ಬೇಕು?

ಬೇರೆಯವರ ಪದ್ಯಕ್ಕೆ ಚಿತ್ರ

ಸ್ವಂತ ಪುಸ್ತಕದಿಂದ ಹೊಟ್ಟೆ ತುಂಬಲಿಲ್ಲ. ಹಾಗಾಗಿ ಬೇರೆ ಕವಿಗಳ ಕಾವ್ಯಕ್ಕೆ ಚಿತ್ರ ಮಾಡುವ ಕೆಲಸ ಹಿಡಿದರು. 1795ರ ಹೊತ್ತಿಗೆ ಎಡ್ವರ್ಡ್ ಯಂಗ್ ಎಂಬ ಕವಿಯ ರಾತ್ರಿಯ ಚಿಂತನೆಗಳು ಎಂಬ ದೊಡ್ಡ ಕಾವ್ಯಕ್ಕೆ ಚಿತ್ರ ಬರೆಯಲು ಒಬ್ಬ ಪ್ರಕಾಶಕರು ಕೇಳಿದರು. ಪುಟದ ನಡುವೆ ಪದ್ಯ, ನಾಲ್ಕೂ ಸುತ್ತ ಚಿತ್ರ. ಬ್ಲೇಕರು 537 ಚಿತ್ರ ಬರೆದರು! ಸಿಕ್ಕ ಹಣ 21 ಪೌಂಡ್. ಅದರಲ್ಲಿ 43 ಚಿತ್ರಗಳನ್ನು ತಾಮ್ರಕ್ಕೆ ಇಳಿಸಿದ ಮೇಲೆ 1797ರಲ್ಲಿ ಮೊದಲ ಸಂಪುಟ ಬಂತು. ವ್ಯಾಪಾರ ಆಗಲಿಲ್ಲ. ಮುಂದಿನ ಸಂಪುಟ ಬರಲೇ ಇಲ್ಲ.

1805ರಲ್ಲಿ ಇನ್ನೂ ದೊಡ್ಡ ಪೆಟ್ಟು. ರಾಬರ್ಟ್ ಬ್ಲೇರ್ ಎಂಬ ಕವಿಯ ಗೋರಿ ಎಂಬ ಕಾವ್ಯಕ್ಕೆ ಚಿತ್ರ ಬರೆಯಲು ಕ್ರೋಮೆಕ್ ಎಂಬುವರು ಒಪ್ಪಿಸಿದರು. ಚಿತ್ರ ಬರೆಯುವುದು, ತಾಮ್ರದ ಮೇಲೆ ಕೊರೆಯುವುದು ಎರಡೂ ತಮ್ಮದೇ ಎಂದು ಬ್ಲೇಕರು ತಿಳಿದಿದ್ದರು. ನಿಜವಾದ ಸಂಪಾದನೆ ಇದ್ದದ್ದೂ ಕೊರೆಯುವ ಕೆಲಸದಲ್ಲೇ. ಬ್ಲೇಕರು ಮಾದರಿಗೆ ಒಂದು ತಗಡು ಮಾಡಿ ತೋರಿಸಿದರು. ಒರಟಾಯಿತು, ಜನ ಕೊಳ್ಳುವುದಿಲ್ಲ ಅಂತ ಕ್ರೋಮೆಕ್ ಲೆಕ್ಕ ಹಾಕಿ, ಕೊರೆಯುವ ಕೆಲಸವನ್ನು ಶಿಯಾವೊನೆಟ್ಟಿ ಎಂಬ ನಯವಾದ ಕೈಯ ಇಟಲಿಯವರಿಗೆ ಕೊಟ್ಟುಬಿಟ್ಟರು. 1808ರಲ್ಲಿ ಪುಸ್ತಕ ಬಂತು. ಬಿತ್ತಿದವರು ಒಬ್ಬರು, ಕಣ ಮಾಡಿದವರು ಇನ್ನೊಬ್ಬರು ಅನ್ನೋ ಹಾಗಾಯಿತು. ವಿಚಿತ್ರ ಏನಪ್ಪಾ ಅಂದ್ರೆ, ಮುಂದೆ ಎಷ್ಟೋ ವರ್ಷ ಸಾಮಾನ್ಯ ಜನಕ್ಕೆ ಬ್ಲೇಕರ ಹೆಸರು ಗೊತ್ತಾಗಿದ್ದು ಹೆಚ್ಚಾಗಿ ಈ ಪುಸ್ತಕದಿಂದಲೇ.

ಈ ನಡುವೆ 1803ರಲ್ಲಿ ಅವರು ಹಳ್ಳಿಯೊಂದರಲ್ಲಿದ್ದಾಗ ಮನೆಯ ತೋಟಕ್ಕೆ ನುಗ್ಗಿದ ಸಿಪಾಯಿಯನ್ನು ಹೊರಗೆ ದಬ್ಬಿದರು. ಅವನು ರಾಜದ್ರೋಹದ ಮಾತಾಡಿದರು ಅಂತ ದೂರು ಕೊಟ್ಟ. 1804ರ ಜನವರಿಯಲ್ಲಿ ವಿಚಾರಣೆ ನಡೆದು ಬ್ಲೇಕರು ನಿರಪರಾಧಿ ಎಂದು ತೀರ್ಪಾಯಿತು.

1809ರಲ್ಲಿ ಅಣ್ಣನ ಕಾಲುಚೀಲದ ಅಂಗಡಿಯ ಮೇಲೆ ತಮ್ಮ 16 ಚಿತ್ರಗಳ ಪ್ರದರ್ಶನ ಇಟ್ಟರು. ಬಂದವರು ಕೆಲವೇ ಜನ. ಪತ್ರಿಕೆಯೊಂದು ಇವರಿಗೆ ತಲೆ ಕೆಟ್ಟಿದೆ ಎಂಬ ಅರ್ಥದಲ್ಲಿ ಬರೆಯಿತು. ಆಮೇಲೆ ಸುಮಾರು ಹತ್ತು ವರ್ಷ ಬ್ಲೇಕರನ್ನು ಜಗತ್ತು ಮರೆತೇ ಬಿಟ್ಟಿತು. ಈ ಕಷ್ಟದ ಕಾಲದಲ್ಲೇ ಅವರು ಜೆರೂಸಲೆಂ ಎಂಬ ನೂರು ತಗಡುಗಳ ಮಹಾಕಾವ್ಯ ಮುಗಿಸಿದರು. ಅದಕ್ಕೆ ಪೂರ್ತಿ ಬಣ್ಣ ಹಾಕಿದ ಪ್ರತಿ ಇರುವುದು ಒಂದೇ ಒಂದು.

ಮುಪ್ಪಿನಲ್ಲಿ ಬಂದ ಗೆಳೆಯರು

ಥಾಮಸ್ ಬಟ್ಸ್ ಎಂಬ ಸರ್ಕಾರಿ ಗುಮಾಸ್ತರು ವರ್ಷಾನುಗಟ್ಟಲೆ ಬ್ಲೇಕರ ಚಿತ್ರ ಕೊಳ್ಳುತ್ತಾ ಬಂದರು. ಅವರಿಲ್ಲದಿದ್ದರೆ ಒಲೆ ಉರಿಯುತ್ತಿರಲಿಲ್ಲ. 1818ರಲ್ಲಿ ಜಾನ್ ಲಿನೆಲ್ ಎಂಬ ತರುಣ ಚಿತ್ರಕಾರರ ಪರಿಚಯವಾಯಿತು. ಅವರ ಮೂಲಕ ಇನ್ನಷ್ಟು ಹುಡುಗರು ಬಂದು ಬ್ಲೇಕರನ್ನು ಗುರು ಅಂತ ಒಪ್ಪಿಕೊಂಡರು.

1821ರಲ್ಲಿ ಒಂದು ಶಾಲಾ ಪುಸ್ತಕಕ್ಕೆ ಕೆಲಸ ಸಿಕ್ಕಿತು. ರೋಮಿನ ಕವಿ ವರ್ಜಿಲ್‌ನ ಪದ್ಯಗಳ ಪಠ್ಯಪುಸ್ತಕ ಅದು. ಬ್ಲೇಕರು ಎಂದೂ ಮಾಡದಿದ್ದ ಮರದ ಅಚ್ಚಿನಲ್ಲಿ 17 ಪುಟ್ಟ ಚಿತ್ರ ಕೊರೆದರು. ಕುರಿ ಕಾಯುವವರು, ಬಿರುಗಾಳಿಗೆ ಮಲಗಿದ ಪೈರು, ಸಂಜೆಯ ಚಂದ್ರ. ಪ್ರಕಾಶಕರಿಗೆ ಇಷ್ಟವಾಗಲಿಲ್ಲ, ತೆಗೆದೇ ಹಾಕುವವರಿದ್ದರು. ಬೇರೆ ಕಲಾವಿದರು ಹೇಳಿದ ಮೇಲೆ ಅಂಚು ಕತ್ತರಿಸಿ, ಸಮಜಾಯಿಷಿ ಬರೆದು ಅಚ್ಚು ಹಾಕಿದರು. ಇವತ್ತು ಆ ಶಾಲಾ ಪುಸ್ತಕ ಜನಕ್ಕೆ ನೆನಪಿರುವುದೇ ಆ 17 ಚಿತ್ರಗಳಿಂದ.

1826ರಲ್ಲಿ ಬೈಬಲ್ಲಿನ ಯೋಬನ ಕಥೆಯ ತಾಮ್ರದ ಚಿತ್ರಗಳು ಪ್ರಕಟವಾದವು. ಒಳ್ಳೆಯವನಿಗೆ ಯಾಕೆ ಕಷ್ಟ ಬರುತ್ತೆ ಎಂಬುದೇ ಆ ಕಥೆಯ ಪ್ರಶ್ನೆ. ನಮ್ಮ ಹರಿಶ್ಚಂದ್ರನ ಕಥೆ ಕೇಳಿದವರಿಗೆ ಈ ಪ್ರಶ್ನೆ ಹೊಸದಲ್ಲ. ಬ್ಲೇಕರಿಗಂತೂ ಅದು ಸ್ವಂತ ಬದುಕಿನ ಪ್ರಶ್ನೆಯೂ ಆಗಿದ್ದಿರಬೇಕು.

ಕೊನೆಯ ಕೆಲಸ ಇಟಲಿಯ ಮಹಾಕವಿ ಡಾಂಟೆಯದು. 1824ರಲ್ಲಿ ಲಿನೆಲ್ ಇದನ್ನು ಒಪ್ಪಿಸಿದರು. ಡಾಂಟೆಯ ಕಾವ್ಯದಲ್ಲಿ ನರಕ, ಶುದ್ಧಿಲೋಕ, ಸ್ವರ್ಗ ಮೂರರ ಯಾತ್ರೆ ಇದೆ. ಅರವತ್ತು ದಾಟಿದ ಬ್ಲೇಕರು ಆ ಕಾವ್ಯಕ್ಕಾಗಿ ಇಟಾಲಿಯನ್ ಭಾಷೆ ಕಲಿತರು! ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗಲೂ ಬರೆದರು. 102 ಚಿತ್ರ ಬರೆದು, ಏಳನ್ನು ತಾಮ್ರಕ್ಕೆ ಇಳಿಸುವಷ್ಟರಲ್ಲಿ ಆಯುಸ್ಸು ಮುಗಿಯಿತು. ಕೈಯಲ್ಲಿ ಉಳಿದಿದ್ದ ಕೊನೆಯ ಶಿಲ್ಲಿಂಗುಗಳಲ್ಲಿ ಒಂದನ್ನು ಪೆನ್ಸಿಲ್ ತರಿಸೋಕೆ ಖರ್ಚು ಮಾಡಿದರು ಎನ್ನುತ್ತಾರೆ.

1827ರ ಆಗಸ್ಟ್ 12ರಂದು, 69ನೇ ವಯಸ್ಸಿನಲ್ಲಿ ಬ್ಲೇಕರು ತೀರಿಕೊಂಡರು. ಮಣ್ಣು ಮಾಡಲು ಸಾಲ ತರಬೇಕಾಯಿತು. ಬನ್‌ಹಿಲ್ ಫೀಲ್ಡ್ಸ್ ಎಂಬ ರುದ್ರಭೂಮಿಯಲ್ಲಿ ಗುರುತಿನ ಕಲ್ಲೂ ಇಲ್ಲದೆ ಮಣ್ಣಾದರು. ಸರಿಯಾದ ಜಾಗ ಹುಡುಕಿ ಕಲ್ಲು ನೆಟ್ಟಿದ್ದು 2018ರಲ್ಲಿ, 191 ವರ್ಷ ಆದಮೇಲೆ.

ಉಳಿದದ್ದು, ಹೋದದ್ದು

ಕ್ಯಾಥರೀನ್ 1831ರಲ್ಲಿ ತೀರಿಕೊಳ್ಳುವವರೆಗೂ ಗಂಡನ ಪುಸ್ತಕಗಳನ್ನು ಕಾಪಾಡಿ, ಅಚ್ಚು ಹಾಕಿ, ಮಾರಿದರು. ಆಕೆಯ ನಂತರ ಎಲ್ಲ ಟೇಥಂ ಎಂಬುವರ ಕೈಗೆ ಹೋಯಿತು. ಇವು ಧರ್ಮಕ್ಕೆ ವಿರುದ್ಧ ಅಂತ ಅವರು ಎಷ್ಟೋ ಬರಹಗಳನ್ನು ಸುಟ್ಟರೆಂದು ಹೇಳುತ್ತಾರೆ. ಉಲ್ಟಾ ಅಕ್ಷರದಲ್ಲಿ ಪದ್ಯ ಬರೆದ ನೂರಾರು ತಾಮ್ರದ ತಗಡುಗಳೂ ಕಳೆದುಹೋದವು. ಅಂಥ ತಗಡುಗಳಲ್ಲಿ ಇವತ್ತು ಉಳಿದಿರುವುದು ಒಂದು ಚಿಕ್ಕ ಚೂರು ಮಾತ್ರ. ಆದರೆ ಕೊಂಡವರು ಜೋಪಾನ ಮಾಡಿದ ಪುಸ್ತಕಗಳು ಉಳಿದವು. ಬಟ್ಸ್ ಕೊಂಡ ಚಿತ್ರಗಳು, ಲಿನೆಲ್ ಮನೆಯಲ್ಲಿದ್ದ ಡಾಂಟೆ ಚಿತ್ರಗಳು ಉಳಿದವು. 1863ರಲ್ಲಿ ಗಿಲ್‌ಕ್ರಿಸ್ಟ್ ಎಂಬುವರು ಬರೆದ ಜೀವನಚರಿತ್ರೆ ಬಂದ ಮೇಲೆ ಜನ ಕಣ್ಣು ಬಿಟ್ಟು ನೋಡಿದರು. ಅವರ ಒಂದು ಪದ್ಯಕ್ಕೆ 1916ರಲ್ಲಿ ರಾಗ ಹಾಕಿದರು. ಈಗ ಇಂಗ್ಲೆಂಡಿನಲ್ಲಿ ಸಭೆ ಸಮಾರಂಭಗಳಲ್ಲಿ ಸಾವಿರಾರು ಜನ ಎದ್ದು ನಿಂತು ಅದನ್ನು ಹಾಡುತ್ತಾರೆ.

ನಮಗೇನು ಪಾಠ?

ಪ್ರತಿಭೆ ಇದ್ದವರಿಗೆ ಒಂದಲ್ಲ ಒಂದು ದಿನ ಕೀರ್ತಿ ಬಂದೇ ಬರುತ್ತೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ನಿಜ ಅಲ್ಲ. ಬ್ಲೇಕರ ಕೆಲಸ ತಾನಾಗಿಯೇ ಉಳಿಯಲಿಲ್ಲ, ಯಾರೋ ಎತ್ತಿಟ್ಟಿದ್ದಕ್ಕೆ ಉಳಿಯಿತು. ಒಬ್ಬ ಗುಮಾಸ್ತರು, ಒಬ್ಬ ತರುಣ ಗೆಳೆಯರು, ಓದು ಬಾರದೆ ಬಂದು ಅಚ್ಚು ಒತ್ತುವುದನ್ನು ಕಲಿತ ಹೆಂಡತಿ. ಎತ್ತಿಡದೇ ಇದ್ದದ್ದು ಹೋಯಿತು.

ನಮ್ಮ ಈ ಗೋಡೆ ಪತ್ರಿಕೆಯನ್ನೇ ನೋಡಿ. ಕಥೆ, ಪದ್ಯ, ಅಕ್ಷರ, ಬಣ್ಣದ ಅಂಚು ಎಲ್ಲ ನಮ್ಮದೇ ಕೈ. ಇರುವುದು ಒಂದೇ ಪ್ರತಿ. ಅಚ್ಚಾಗಲಿಲ್ಲ ಅಂತ ಇದೇನೂ ಕಡಿಮೆಯದಲ್ಲ. ಆದರೆ ಹೊಸ ಸಂಚಿಕೆ ಅಂಟಿಸುವಾಗ ಹಳೆಯದನ್ನು ಕಿತ್ತರೆ ಅದು ಪುಸ್ತಕಕ್ಕೆ ಬೈಂಡ್ ಹಾಕೋಕೋ, ಒಲೆಗೋ ಹೋಗುತ್ತೆ. ಗೋಂದು ಹಚ್ಚುವ ಬದಲು ಗುಂಡುಪಿನ್ನಿನಲ್ಲಿ ಚುಚ್ಚಿ, ಕಿತ್ತ ಮೇಲೆ ಹಾಳೆಗಳನ್ನು ತಿಂಗಳು, ವರ್ಷ ಬರೆದು ಲೈಬ್ರರಿ ಬೀರುವಿನಲ್ಲಿ ಒಂದು ಫೈಲಿನಲ್ಲಿ ಇಟ್ಟರೆ ಹೇಗೆ? ಗುರುಗಳು ಒಪ್ಪಿದರೆ ಈ ಸಂಚಿಕೆಯಿಂದಲೇ ಶುರು ಮಾಡಬಹುದು. ಫೈಲಿಗೆ ದಾರ ನಾನು ತರ್ತೀನಿ. ರಟ್ಟು ಯಾರು ತರ್ತೀರಿ, ಕೆಳಗಿನ ಖಾಲಿ ಜಾಗದಲ್ಲಿ ಹೆಸರು ಬರೆಯಿರಿ.

(10ನೇ ತರಗತಿ)